ಕನ್ನಡದಲ್ಲಿ ಸತ್ಯವೇದ: ಗ್ರಂಥವು ಹೃದಯದೊಡನೆ ಮಾತನಾಡಿದ ಬಗೆ



ನಮ್ಮ ಭಾಷಣಮಾಲೆಯ ಒಂದು ಕಂತಿನ ಚಿತ್ರೀಕರಣ ಮುಗಿದು, ದೀಪಗಳನ್ನು ಆರಿಸುತ್ತಿದ್ದಾಗ, ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ದೇವರು ಧರ್ಮಗ್ರಂಥದ ಮೂಲಕ ಮನುಷ್ಯನ ಹೃದಯದೊಡನೆ ಮಾತನಾಡುತ್ತಾನೆ ಎಂದು ಕ್ರೈಸ್ತರು ಹೇಳುತ್ತಾರಲ್ಲ, ಯಾವ ಭಾಷೆಯಲ್ಲಿ ಮಾತನಾಡುತ್ತಾನೆ?" ಗೆಳತಿಯರು ನಕ್ಕರು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಎರಡು ಸಾವಿರ ವರ್ಷಗಳಿಂದ ವಿದ್ವಾಂಸರು ಅದಕ್ಕೆ ಉತ್ತರ ಹುಡುಕಿದ್ದಾರೆ. ಕನ್ನಡ ನಾಡಿನಲ್ಲಿಯೂ ಅದಕ್ಕೊಂದು ಚರಿತ್ರೆಯಿದೆ. ಅದನ್ನೇ ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಎಜ್ರನ ಓದು, ಅಗಸ್ಟೀನನ ಓದು

ಮೊದಲು ಕ್ರೈಸ್ತರ ನಂಬಿಕೆ ಏನೆಂಬುದನ್ನು ತಿಳಿದುಕೊಳ್ಳೋಣ. ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಒಂದು ಸಂಪುಟ. ಪ್ರಾಟೆಸ್ಟೆಂಟರ ಎಣಿಕೆಯಲ್ಲಿ 66, ಕಥೋಲಿಕರ ಎಣಿಕೆಯಲ್ಲಿ 73 ಪುಸ್ತಕಗಳು ಅದರಲ್ಲಿವೆ. ಮೂಲ ಭಾಷೆಗಳು ಹೀಬ್ರೂ ಮತ್ತು ಗ್ರೀಕ್, ಕೆಲವು ಭಾಗಗಳು ಅರಮಾಯಿಕ್. ಇವುಗಳನ್ನು ಬರೆದವರು ಕುರುಬರು, ಅರಸರು, ಪ್ರವಾದಿಗಳು, ಬೆಸ್ತರು ಮುಂತಾದ ಮನುಷ್ಯರೇ. ಆದರೆ ಅವರನ್ನು ಪ್ರೇರಿಸಿದವನು ದೇವರು, ಓದುವಾಗ ಓದುಗನ ಒಳಗೆ ಅರ್ಥವನ್ನು ಬೆಳಗಿಸುವವನೂ ಅವನೇ ಎಂಬುದು ಕ್ರೈಸ್ತರ ವಿಶ್ವಾಸ. ಅಂದರೆ ಮಾತು ಎರಡು ಸಲ ಹುಟ್ಟುತ್ತದೆ: ಬರೆದವನಲ್ಲಿ ಒಂದು ಸಲ, ಕೇಳಿದವನಲ್ಲಿ ಇನ್ನೊಂದು ಸಲ.

ಬೈಬಲಿನೊಳಗೇ ಇದಕ್ಕೆ ಉದಾಹರಣೆಗಳು ದೊರೆಯುತ್ತವೆ. ಬಾಬಿಲೋನಿನ ಸೆರೆಯಿಂದ ಯೆಹೂದ್ಯರು ಜೆರುಸಲೇಮಿಗೆ ಮರಳಿದ ನಂತರದ ಕಾಲವದು. ಎಜ್ರ ಎಂಬ ಧರ್ಮಶಾಸ್ತ್ರಿ ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಗ್ರಂಥವನ್ನು ಓದಿದ. ಅವನ ಸಹಾಯಕರು ಜನರಿಗೆ ಅರ್ಥ ಬಿಡಿಸಿ ಹೇಳಿದರು. ಕೇಳಿದ ಜನ ಅತ್ತರು. ಗ್ರಂಥ ಅವರ ಪೂರ್ವಿಕರದೇ ಆದರೂ ಅದು ಒಳಗಿಳಿಯಲು ಅರ್ಥ ಹೇಳುವವರು ಬೇಕಾಯಿತು ಎಂಬುದನ್ನು ಗಮನಿಸಿ. ಹೊಸ ಒಡಂಬಡಿಕೆಯಲ್ಲಿ ಇಥಿಯೋಪಿಯದ ಒಬ್ಬ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಪುಸ್ತಕವನ್ನು ಓದುತ್ತಿರುತ್ತಾನೆ. ಓದುತ್ತಿರುವುದು ತಿಳಿಯುತ್ತಿದೆಯೇ ಎಂದು ಫಿಲಿಪ್ಪನು ಕೇಳಿದಾಗ, ದಾರಿ ತೋರಿಸುವವರಿಲ್ಲದೆ ತಿಳಿಯುವುದು ಹೇಗೆ ಎಂದು ಮರುಪ್ರಶ್ನೆ ಹಾಕುತ್ತಾನೆ.

ಇನ್ನು ಚರಿತ್ರೆಯ ಒಂದು ಪ್ರಸಿದ್ಧ ಪ್ರಸಂಗ. ಕ್ರಿ.ಶ. 386ರಲ್ಲಿ ಇಟಲಿಯ ಮಿಲಾನ್ ನಗರದ ಒಂದು ತೋಟದಲ್ಲಿ ಅಗಸ್ಟೀನ್ ಎಂಬ ಉಪಾಧ್ಯಾಯ ತನ್ನ ಬಾಳಿನ ಬಗ್ಗೆ ತಾನೇ ಬೇಸತ್ತು ಅಳುತ್ತಿದ್ದ. ಪಕ್ಕದ ಮನೆಯಿಂದ ಮಗುವಿನ ದನಿಯೊಂದು, ತೆಗೆದುಕೊಂಡು ಓದು ಎಂಬರ್ಥದ ಮಾತನ್ನು ಹಾಡಿನಂತೆ ಹೇಳುತ್ತಿರುವುದು ಕೇಳಿಸಿತು. ಅವನು ಪೌಲನ ಪತ್ರಗಳ ಪುಸ್ತಕವನ್ನು ತೆರೆದು ಕಣ್ಣಿಗೆ ಬಿದ್ದ ಭಾಗವನ್ನು ಓದಿದ. ಅಲ್ಲಿಂದ ಅವನ ಬಾಳು ತಿರುಗಿತು. ಅಗಸ್ಟೀನ್ ಓದಿದ್ದು ಗ್ರೀಕ್ ಮೂಲವನ್ನಲ್ಲ, ಲ್ಯಾಟಿನ್ ಅನುವಾದವನ್ನು. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಸಿಗುತ್ತದೆ: ಕೇಳುವವನಿಗೆ ತಿಳಿಯುವ ಭಾಷೆಯಲ್ಲಿ.

ಆದರೆ ಆ ಉತ್ತರ ಸುಲಭವಾಗಿ ದಕ್ಕಿದ್ದಲ್ಲ. ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಇಡೀ ಬೈಬಲನ್ನೂ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ. ಇಂಗ್ಲಿಷಿಗೆ ಅನುವಾದಿಸಿದ ವಿಲಿಯಂ ಟಿಂಡೇಲನನ್ನು 1536ರಲ್ಲಿ ಕೊಂದು ಸುಟ್ಟರು. ಕಥೋಲಿಕ ಧರ್ಮಸಭೆಯ ಪೂಜಾವಿಧಿ ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿಯೇ ನಡೆಯುತ್ತಿತ್ತು. ದೇಶಭಾಷೆಗಳಿಗೆ ಅಲ್ಲಿ ಬಾಗಿಲು ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರ್ಣಯದಿಂದ. 1965ರಲ್ಲಿ ಅದೇ ಮಹಾಸಭೆ, ಧರ್ಮಗ್ರಂಥವು ಎಲ್ಲ ವಿಶ್ವಾಸಿಗಳ ಕೈಗೂ ಸಿಗಬೇಕೆಂದು ಹೇಳಿತು.

ಬಳ್ಳಾರಿಯಲ್ಲಿ ಒಂದು, ಹೊಳೆಹೊನ್ನೂರಿನಲ್ಲಿ ಇನ್ನೊಂದು

ಈಗ ಕನ್ನಡಕ್ಕೆ ಬರೋಣ. 17ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ವಿತ್ ಪಾದ್ರಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಕೆಲಸ ಮಾಡಿದರು. ಆದರೆ ಬೈಬಲಿನ ಅನುವಾದ ಆರಂಭವಾದದ್ದು 19ನೆಯ ಶತಮಾನದಲ್ಲಿ. ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಭಾರತದ ಅನೇಕ ಭಾಷೆಗಳಿಗೆ ಏಕಕಾಲದಲ್ಲಿ ಅನುವಾದ ನಡೆಸಿದ್ದರು. 1812ರ ಮಾರ್ಚ್ 11ರಂದು ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಹಸ್ತಪ್ರತಿಗಳೂ ಅಚ್ಚಿನ ಮೊಳೆಗಳೂ ನಾಶವಾದವು. ಕನ್ನಡದ ಹಸ್ತಪ್ರತಿಯೂ ಅದರಲ್ಲಿ ಹೋಯಿತು. ಕೇರಿ ಮತ್ತೆ ಮೊದಲಿನಿಂದ ಕುಳಿತರು. 1817ರಲ್ಲಿ ಅವರ ಕನ್ನಡ ವ್ಯಾಕರಣವೂ 1823ರಲ್ಲಿ ಶ್ರೀರಾಂಪುರದ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂದವು.

ಇದೇ ಕಾಲದಲ್ಲಿ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅಚ್ಚಾದ ಕನ್ನಡ ನಿಘಂಟು ಇಲ್ಲದ ಕಾಲವದು. ಸ್ಥಳೀಯ ಪಂಡಿತರಿಂದ ಭಾಷೆ ಕಲಿಯುತ್ತಲೇ ಅನುವಾದಕ್ಕೆ ತೊಡಗಿದರು. 1820ರ ದಶಕದ ಆರಂಭದಲ್ಲಿ ಅವರ ಹೊಸ ಒಡಂಬಡಿಕೆ, 1830ರ ದಶಕದ ಆರಂಭದಲ್ಲಿ ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು.

ಇಲ್ಲಿ ನನ್ನ ಊರಿನ ಒಂದು ಸಂಗತಿಯನ್ನು ಹೇಳದಿರಲಾರೆ. ನಾನು ಭದ್ರಾ ತೀರದ ಹೊಳೆಹೊನ್ನೂರಿನವನು. ನಮ್ಮೂರಿನ ಹೊಳೆದಂಡೆಯಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಧರ್ಮತೀರ್ಥರ ವೃಂದಾವನವಿದೆ. ಅವರು ವೃಂದಾವನಸ್ಥರಾದದ್ದು 1830ರಲ್ಲಿ. ಭಾಗವತಕ್ಕೆ ವ್ಯಾಖ್ಯಾನ ಬರೆದ ಮಹಾವಿದ್ವಾಂಸರು ಅವರು. ಹ್ಯಾಂಡ್ಸ್ ಬಳ್ಳಾರಿಯಲ್ಲಿ ಅನುವಾದದಲ್ಲಿ ಮುಳುಗಿದ್ದ ವರ್ಷಗಳು, ಸತ್ಯಧರ್ಮರು ಪೀಠದಲ್ಲಿದ್ದು ಪಾಠ ಪ್ರವಚನ ನಡೆಸುತ್ತಿದ್ದ ವರ್ಷಗಳೇ. ಇಬ್ಬರಿಗೂ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ನಮ್ಮೂರಿನ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ ಹಂಪಿ, ಬಳ್ಳಾರಿಯ ಕಡೆಗೇ ಹರಿಯುತ್ತದೆ. ಒಂದೇ ನದಿಯ ಬಯಲಿನಲ್ಲಿ, ಒಂದೇ ಕಾಲದಲ್ಲಿ, ಎರಡು ಪರಂಪರೆಗಳ ಇಬ್ಬರು, ಪ್ರಾಚೀನ ಗ್ರಂಥವನ್ನು ಈಗಿನವರ ಎದೆಗೆ ಮುಟ್ಟಿಸುವುದು ಹೇಗೆಂದು ಶ್ರಮಿಸುತ್ತಿದ್ದರು. ಇಷ್ಟನ್ನು ನೆನಪಿಡಿ.

ಪದಗಳ ಹುಡುಕಾಟ

ಅನುವಾದಕರ ಕಷ್ಟ ಎಂಥದು? ಒಂದೇ ಪದವನ್ನು ತೆಗೆದುಕೊಳ್ಳಿ: ಹೃದಯ. ಹೀಬ್ರೂ ಭಾಷೆಯಲ್ಲಿ ಹೃದಯಕ್ಕೆ 'ಲೇವ್' ಎನ್ನುತ್ತಾರೆ. ಆದರೆ ಅದು ಬರಿಯ ಭಾವನೆಯ ತಾಣವಲ್ಲ. ಯೋಚಿಸುವುದು, ನಿಶ್ಚಯಿಸುವುದು, ನೆನಪಿಡುವುದು ಎಲ್ಲವೂ ಅಲ್ಲಿಯೇ. ಕನ್ನಡದಲ್ಲಿ ನಾವು ಈ ಕೆಲಸಗಳನ್ನು ಹಂಚಿಬಿಟ್ಟಿದ್ದೇವೆ. ಧೈರ್ಯಕ್ಕೆ ಎದೆ, ಇಷ್ಟಾನಿಷ್ಟಗಳಿಗೆ ಮನಸ್ಸು, ತಿಳಿವಿಗೆ ಬುದ್ಧಿ. ಹೀಗಾಗಿ ದೇವರು ಹೃದಯದೊಡನೆ ಮಾತನಾಡುತ್ತಾನೆ ಎಂದಾಗ, ಅದು ಕಣ್ಣೀರು ತರಿಸುವ ಮಾತು ಮಾತ್ರವಲ್ಲ, ನಿರ್ಧಾರ ಬದಲಿಸುವ ಮಾತು ಎಂದು ತಿಳಿಯಬೇಕು.

ಇನ್ನೊಂದು ಪದ ಕರುಣೆ. ಹೀಬ್ರೂವಿನಲ್ಲಿ ಕರುಣೆಯ ಪದಕ್ಕೂ ಗರ್ಭದ ಪದಕ್ಕೂ ಒಂದೇ ಧಾತು. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಯೇಸು ಮರುಗಿದನೆಂದು ಹೇಳುವ ಕ್ರಿಯಾಪದ ಕರುಳಿನಿಂದ ಹುಟ್ಟಿದ್ದು. ಕನ್ನಡಿಗರಿಗೆ ಇದು ಹೊಸತಲ್ಲ. ಕರುಳು ಚುರುಕ್ಕೆಂದಿತು, ಹೆತ್ತ ಕರುಳು ಎಂದು ನಮ್ಮ ತಾಯಂದಿರು ದಿನವೂ ಹೇಳುತ್ತಾರೆ.

ಅನುವಾದಕರು ಆಯ್ದ ಕೆಲವು ಪದಗಳು ಈಗ ನಮ್ಮ ನುಡಿಯ ಭಾಗವೇ ಆಗಿವೆ. ದೇವರಿಗೂ ಜನರಿಗೂ ನಡುವಿನ ಕರಾರಿಗೆ 'ಒಡಂಬಡಿಕೆ' ಎಂಬ ಅಚ್ಚ ಕನ್ನಡ ಪದ ಬಂತು. ಪ್ರಾಟೆಸ್ಟೆಂಟರು 'ಸುವಾರ್ತೆ' ಎಂದರೆ ಕಥೋಲಿಕರು 'ಶುಭಸಂದೇಶ' ಎನ್ನುತ್ತಾರೆ; ಅವರು 'ಯೆಹೋವ' ಎಂದಲ್ಲಿ ಇವರು 'ಸರ್ವೇಶ್ವರ' ಎನ್ನುತ್ತಾರೆ. ಒಂದೇ ಅನುಭವಕ್ಕೆ ಎರಡು ದಾರಿಗಳು ಎಂದು ತಿಳಿದರೆ ಸಾಕು.

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಈ ಹುಡುಕಾಟವನ್ನು ಮುಂದುವರಿಸಿತು. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರೆಂಬುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಅವರ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲನ್ನು ಪರಿಷ್ಕರಿಸುವ ಕೆಲಸಕ್ಕೆ ಕೈಹಾಕಿದರು. ಹ್ಯಾಂಡ್ಸ್‌ರ ಅನುವಾದ ಅರ್ಥವಾಗುತ್ತಿದ್ದರೆ ಸಾಲದು, ಕನ್ನಡದಂತೆ ಕೇಳಿಸಬೇಕು ಎಂಬುದು ಉದ್ದೇಶ. ಕನ್ನಡದಂತೆ ಕೇಳಿಸಬೇಕಾದರೆ ಕನ್ನಡವನ್ನು ಮೊದಲು ಕೇಳಬೇಕಲ್ಲವೇ? ಮೊಗ್ಲಿಂಗ್ 1848ರಿಂದ ಹಳೆಯ ಕನ್ನಡ ಕೃತಿಗಳನ್ನು ಒಂದೊಂದಾಗಿ ಅಚ್ಚುಹಾಕಿಸಿದರು. ವೀರಶೈವ ಪುರಾಣಗಳೂ ದಾಸರ ಪದಗಳೂ ಅದರಲ್ಲಿ ಸೇರಿದವು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಕೊಟ್ಟರು. ತಮ್ಮ ಗ್ರಂಥವನ್ನು ಹೇಳಲು ಬಂದವರು ನಮ್ಮ ಗ್ರಂಥಗಳನ್ನು ಕೇಳಿಸಿಕೊಳ್ಳಬೇಕಾಯಿತು. ಇದು ಈ ಚರಿತ್ರೆಯ ಒಂದು ಸೊಗಸು.

ಕೇಳಿಸಿಕೊಂಡದ್ದರ ಬೆಲೆ

ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಕಾಲದ ಮಿಷನರಿಗಳ ಬರಹದಲ್ಲಿ ಇತರ ಧರ್ಮಗಳ ಬಗ್ಗೆ ಕಟುವಾದ ಟೀಕೆಯಿತ್ತು. ಅವರು ಬಂದದ್ದು ಕಂಪನಿ ಸರ್ಕಾರದ ನೆರಳಿನಲ್ಲಿ. ಇದನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು.

ಗ್ರಂಥದ ಮಾತಿಗೆ ಓಗೊಟ್ಟವರು ತೆತ್ತ ಬೆಲೆಯೂ ಸಣ್ಣದಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರಲ್ಲಿ ದೀಕ್ಷಾಸ್ನಾನ ಪಡೆದ. ಊರಿನಲ್ಲಿ ಗದ್ದಲವೆದ್ದಿತು. ಅವನು ಮನೆ, ಬಂಧುಗಳನ್ನು ಬಿಡಬೇಕಾಯಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ ಬಂದು, ತನ್ನ ನಾಡಿನಲ್ಲೇ ಕೆಲಸ ಮಾಡಿದ. ಅವನು ಕೇಳಿಸಿಕೊಂಡದ್ದು ಅವನಿಗೆ ಸತ್ಯ. ಅವನನ್ನು ಕಳೆದುಕೊಂಡವರ ದುಃಖವೂ ಸತ್ಯ. ಚರಿತ್ರೆಯ ವಿದ್ಯಾರ್ಥಿಗಳಾದ ನೀವು ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿಯಬೇಕು.

ಮುಂದಿನ ಶತಮಾನದಲ್ಲಿ ಬೇರೊಂದು ಬಗೆಯ ಕೇಳುವಿಕೆ ಕಾಣುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಅವರೇ. ಬಸವಣ್ಣನವರ ಅನುಭವ ಮಂಟಪದ ಐತಿಹಾಸಿಕತೆಯ ಪರವಾಗಿ ವಾದಿಸಿದವರೂ ಅವರೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ತಮ್ಮ ಗ್ರಂಥದ ಮೇಲಿನ ನಿಷ್ಠೆ ಅವರ ಕಿವಿಯನ್ನು ಮುಚ್ಚಲಿಲ್ಲ, ತೆರೆಯಿತು.

ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಸುವಾರ್ತೆಗಳಲ್ಲಿ ಬರುವ ಶಿಲುಬೆಯ ಪ್ರಸಂಗ ಅವರಿಂದ 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ಬರೆಸಿತು. ಲಂಡನ್ನಿನಲ್ಲಿ ಓದುತ್ತಿದ್ದಾಗ ಯೇಸುವಿನ ಗಿರಿಪ್ರವಚನ ತಮ್ಮ ಹೃದಯವನ್ನು ನೇರವಾಗಿ ಮುಟ್ಟಿತೆಂದು ಗಾಂಧೀಜಿಯವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ಧರ್ಮ ಬದಲಿಸಲಿಲ್ಲ. ಆದರೆ ಆ ಓದು ಅವರ ನಡೆಯಲ್ಲಿ ಉಳಿಯಿತು.

ಕೇಳಿದ್ದು ದೇವರ ದನಿಯೇ?

ನೀವು ಕೇಳಬಹುದು: ಓದುವಾಗ ಒಳಗೆ ಕೇಳಿಸಿದ್ದು ದೇವರ ಮಾತೋ, ನಮ್ಮದೇ ಆಸೆಯೋ, ತಿಳಿಯುವುದು ಹೇಗೆ? ಇದು ನ್ಯಾಯವಾದ ಸಂಶಯ. ಅಮೆರಿಕದಲ್ಲಿ ಗುಲಾಮರ ಒಡೆಯರು ಇದೇ ಬೈಬಲಿನಿಂದ ಗುಲಾಮಗಿರಿಗೆ ಸಮರ್ಥನೆ ಹುಡುಕಿದರು. ಅದೇ ಪುಸ್ತಕದಲ್ಲಿ ಗುಲಾಮರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಜನರ ಕಥೆಯನ್ನು ಕೇಳಿ ಧೈರ್ಯ ತಂದುಕೊಂಡರು. ಆದ್ದರಿಂದ ಕ್ರೈಸ್ತ ಪರಂಪರೆ ಕೆಲವು ಒರೆಗಲ್ಲುಗಳನ್ನು ಇಟ್ಟುಕೊಂಡಿದೆ. ಒಂದು ವಾಕ್ಯವನ್ನು ಕಿತ್ತುಕೊಳ್ಳದೆ ಇಡೀ ಗ್ರಂಥದ ಜೊತೆಯಲ್ಲಿ ಓದಬೇಕು. ಒಬ್ಬನೇ ತೀರ್ಮಾನಿಸದೆ ಸಮುದಾಯದ ಜೊತೆಯಲ್ಲಿ ಪರಿಶೀಲಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿದ ಮಾತು ನೆರೆಯವನ ಮೇಲಿನ ಪ್ರೀತಿಯಾಗಿ ಫಲ ಕೊಟ್ಟಿತೇ ಎಂದು ನೋಡಬೇಕು.

ಓದುವ ಕ್ರಮವನ್ನೂ ಅವರು ಹೇಳಿದ್ದಾರೆ. 12ನೆಯ ಶತಮಾನದ ಗೀಗೊ ಎಂಬ ಸಂನ್ಯಾಸಿ ಅದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದ: ಓದು, ಮೆಲುಕು, ಪ್ರಾರ್ಥನೆ, ಮೌನದ ಧ್ಯಾನ. ನಮ್ಮ ಶ್ರವಣ, ಮನನ, ನಿದಿಧ್ಯಾಸನಗಳು ನಿಮಗೆ ನೆನಪಾಗಬಹುದು. ಎರಡೂ ಒಂದೇ ಎನ್ನುವಂತಿಲ್ಲ, ಹಿನ್ನೆಲೆಗಳು ಬೇರೆ. ಆದರೆ ಗ್ರಂಥವನ್ನು ಅವಸರದಲ್ಲಿ ಓದಿದರೆ ಅದು ಬಾಯಿ ಬಿಡುವುದಿಲ್ಲ ಎಂಬ ತಿಳಿವು ಎರಡರಲ್ಲಿಯೂ ಇದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಗಮಕ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಪದ್ಯವನ್ನು ರಾಗವಾಗಿ ವಾಚಿಸಿ, ನಿಲ್ಲಿಸಿ, ಅರ್ಥ ಹೇಳಿ, ಮತ್ತೆ ವಾಚಿಸುತ್ತಾರೆ.

ನಾನು ಬಿ.ಎಸ್ಸಿ. ಓದಿದವನು. ನಮಗೆ ಭೌತಶಾಸ್ತ್ರದಲ್ಲಿ ಅನುನಾದದ ಪ್ರಯೋಗವಿತ್ತು. ಒಂದೇ ಆವರ್ತಾಂಕದ ಎರಡು ಶ್ರುತಿಕವೆಗಳಲ್ಲಿ ಒಂದನ್ನು ಮೀಟಿದರೆ, ಮುಟ್ಟದೆಯೇ ಇನ್ನೊಂದು ಮಿಡಿಯುತ್ತದೆ. ಶ್ರುತಿ ಬೇರೆಯಾದರೆ ಎಷ್ಟು ಜೋರಾಗಿ ಮೀಟಿದರೂ ಅದು ಸುಮ್ಮನಿರುತ್ತದೆ. ಇದು ಹೋಲಿಕೆ ಮಾತ್ರ, ಪುರಾವೆಯಲ್ಲ. ದೇವರಿದ್ದಾನೆಯೇ ಎಂಬುದನ್ನು ಪ್ರಯೋಗಾಲಯ ತೀರ್ಮಾನಿಸದು. ಆದರೆ ಒಂದೇ ಸಾಲು ಒಬ್ಬನನ್ನು ಅಲುಗಾಡಿಸಿ ಇನ್ನೊಬ್ಬನನ್ನು ಹಾಗೆಯೇ ಬಿಡುವುದೇಕೆ ಎಂದು ಯೋಚಿಸುವಾಗಲೆಲ್ಲ ನನಗೆ ಆ ಶ್ರುತಿಕವೆಗಳು ನೆನಪಾಗುತ್ತವೆ. ಕೇಳುವವನ ಬಾಳು ಯಾವ ಶ್ರುತಿಯಲ್ಲಿದೆ ಎಂಬುದೂ ಮುಖ್ಯ.

ಭದ್ರಾವತಿಯ ಒಂದು ಸಂಜೆ

ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕಾಗಿ ಹಿಂದೆಯೇ ಬಂದು ನೆಲೆಸಿದ ತಮಿಳು ಕ್ರೈಸ್ತ ಕುಟುಂಬವೊಂದರ ಹುಡುಗ ನನ್ನ ಸಹಪಾಠಿ. ಹೈಸ್ಕೂಲಿನ ದಿನಗಳಲ್ಲಿ ಅವರ ಮನೆಯಲ್ಲಿ ಎಷ್ಟೋ ಸಂಜೆ ಕಳೆದಿದ್ದೇನೆ. ಅವನ ಅಜ್ಜಿಗೆ ಓದು ಬಾರದು, ಮನೆಮಾತು ತಮಿಳು. ಮೊಮ್ಮಗ ಕಲಿತದ್ದು ಕನ್ನಡ ಶಾಲೆಯಲ್ಲಿ, ತಮಿಳು ಅಕ್ಷರ ಬಾರದು. ಹೀಗಾಗಿ ರಾತ್ರಿ ಪ್ರಾರ್ಥನೆಯಲ್ಲಿ ಅವನು ಕನ್ನಡ ಸತ್ಯವೇದವನ್ನು ಒಂದೊಂದೇ ವಾಕ್ಯವಾಗಿ ಓದಿ, ತನಗೆ ತಿಳಿದ ತಮಿಳಿನಲ್ಲಿ ಅಜ್ಜಿಗೆ ಹೇಳುತ್ತಿದ್ದ. ಎಜ್ರನ ಸಹಾಯಕರು ಮಾಡಿದ್ದೂ ಇದನ್ನೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಒಂದು ಸಂಜೆ ಅವನು ಓದಿದ್ದು ಲೂಕನ ಸುವಾರ್ತೆಯಲ್ಲಿ ಬರುವ, ಮನೆಬಿಟ್ಟು ಹೋಗಿ ಎಲ್ಲವನ್ನೂ ಕಳೆದು ಮರಳಿದ ಮಗನ ಕಥೆ. ಮಗನನ್ನು ದೂರದಿಂದಲೇ ಕಂಡ ತಂದೆ ಕನಿಕರಪಟ್ಟ ಎಂಬಲ್ಲಿ ಹುಡುಗ ತಡವರಿಸಿದ. 'ಕನಿಕರ'ಕ್ಕೆ ತಮಿಳು ಪದ ಅವನಿಗೆ ಹೊಳೆಯಲಿಲ್ಲ.

"ಏನೋ ಅದು, ಕನಿಕರ ಅಂದ್ರೆ?" ಎಂದರು ಅಜ್ಜಿ, ನನ್ನ ಕಡೆಗೆ ತಿರುಗಿ, ತಮ್ಮ ಅರೆಗನ್ನಡದಲ್ಲಿ.

ನಾನು ಗಾಬರಿಯಲ್ಲಿ, "ಕರುಳು ಚುರುಕ್ ಅಂತು ಅಂತಾರಲ್ಲ ಅಜ್ಜಿ, ಹಾಗೆ" ಎಂದೆ.

ಅಜ್ಜಿ ಸುಮ್ಮನಾದರು. ಅವರ ಕಿರಿಯ ಮಗ ಜಗಳವಾಡಿ ಮನೆ ಬಿಟ್ಟಿದ್ದ. ಇನ್ನು ಈ ಹೊಸ್ತಿಲು ತುಳಿಯಬಾರದೆಂದು ಅಜ್ಜಿಯೇ ಹೇಳಿದ್ದರು. ಅದು ನನಗೆ ಆಗ ಗೊತ್ತಿರಲಿಲ್ಲ. ಮಾರನೆಯ ದಿನ ಮೊಮ್ಮಗನಿಂದ ಅವರು ಒಂದು ಕಾರ್ಡು ಬರೆಸಿದರು. ಅಂಚೆಪೆಟ್ಟಿಗೆಗೆ ಹಾಕಲು ನಾನೂ ಜೊತೆಗೆ ಹೋಗಿದ್ದೆ. ಆ ಮಗ ಕ್ರಿಸ್ಮಸ್ಸಿಗೆ ಬಂದು ಎರಡು ದಿನ ಇದ್ದು ಹೋದ.

ಅಂದು ಮಾತನಾಡಿದವರು ಯಾರು? ಅಜ್ಜಿಯನ್ನು ಕೇಳಿದ್ದರೆ ಕರ್ತನು ಎನ್ನುತ್ತಿದ್ದರು. ನೀವು ಬೇರೆ ಉತ್ತರ ಕೊಡಬಹುದು. ಆದರೆ ಅಲ್ಲಿ ನಡೆದುದನ್ನು ಎಣಿಸಿ ನೋಡಿ: ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಕಥೆ, ಬಳ್ಳಾರಿಯಲ್ಲಿಯೂ ಮಂಗಳೂರಿನಲ್ಲಿಯೂ ಕಣ್ಣು ಸವೆಸಿದ ಅನುವಾದಕರು, ಹೆಸರು ಉಳಿಯದ ಕನ್ನಡ ಪಂಡಿತರು, ಕನ್ನಡ ಶಾಲೆಯ ಮೇಷ್ಟ್ರು, ತಡವರಿಸಿದ ಮೊಮ್ಮಗ. ಇಷ್ಟು ಕೈಗಳನ್ನು ದಾಟಿ ಒಂದು ಮಾತು ಒಬ್ಬ ತಾಯಿಯ ಕರುಳನ್ನು ಮುಟ್ಟಿತು. ಒಂದು ನಿರ್ಧಾರ ಬದಲಾಯಿತು.

ಶಿವಮೊಗ್ಗಕ್ಕೆ ಹೋದಾಗ ಅಲ್ಲಿಯ ದೊಡ್ಡ ಇಗರ್ಜಿಯನ್ನು ನೀವು ನೋಡಿರುತ್ತೀರಿ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ಪ್ರಧಾನ ದೇವಾಲಯವದು. ಅದರ ಹೆಸರೇ ಪವಿತ್ರ ಹೃದಯ. ಮುಂದಿನ ಸಲ ಅದರ ಮುಂದೆ ಹಾದುಹೋಗುವಾಗ ಈ ಚರಿತ್ರೆಯನ್ನು ನೆನೆಯಿರಿ. ನಿಮ್ಮ ಮನೆಯಲ್ಲಿ ಯಾವ ಗ್ರಂಥವೇ ಇರಲಿ, ಓದು ಬಾರದ ಹಿರಿಯರೊಬ್ಬರಿಗೆ ಅದರ ಒಂದು ಪುಟವನ್ನು ನಿಧಾನವಾಗಿ ಓದಿ ಹೇಳಿ. ಅವರು ಎಲ್ಲಿ ನಿಮ್ಮನ್ನು ತಡೆದು ಅರ್ಥ ಕೇಳುತ್ತಾರೋ ಆ ಜಾಗವನ್ನು ಗುರುತು ಮಾಡಿಕೊಳ್ಳಿ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ನಿಮಗೆ ಅಲ್ಲಿ ಸಿಕ್ಕೀತು.